ಚೀಟಿ ಹಾಕಸ್ರಿ

ನಾನು ಪಾಠ ಹೇಳುವ ಕಂಪ್ಯೂಟರ್ ಸೆಂಟರಿಗೆ ಸೈಬರ್ ಕೆಫೆಯ ರಫೀಕ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ನಗುತ್ತ ಬಂದಾಗಲೇ ಅನುಮಾನ ಬಂತು. ಎಣ್ಣೆಗೈಯಲ್ಲೇ ನನ್ನ ಕೀಬೋರ್ಡ್ ಸರಿಸಿ ಕೂತ. ಗಲ್ಲದಲ್ಲಿ ಗುಳಿ ಬೀಳುವ ಆ ನಗುವಿಗೆ ಬೇರೆ ದಿನವಾದರೆ ನಾನು ಕರಗುತ್ತಿದ್ದೆ.

"ನಾಜಮೀನ, ನೀ ಹೆಸರು ವಾಪಸ್ ತಗೋ. ಹಿರ್ಯಾರು ಕೂಡಿ ಮಾತಾಡ್ಯಾರ, ನಾನು ಅವಿರೋಧ ಆಯ್ಕೆ ಆಗ್ತೀನಿ. ನೀ ಒಪ್ಪತಿ ಅಂತ ಅವ್ರಿಗೆ ಹೇಳಿ ಬಂದೀನಿ."

"ಯಾರನ್ನ ಕೇಳಿ ಹೇಳಿದ್ರಿ?"

ಕಾಲೇಜಿನಿಂದಲೂ ನೀ, ನೀ ಎಂದೇ ಮಾತಾಡುವ ನಮ್ಮ ನಡುವೆ ‘ರಿ’ ಬಂತೆಂದರೆ ಜಗಳ ಎಂದೇ ಅರ್ಥ. ಅವನ ನಗು ಅಲ್ಲಿಗೇ ನಿಂತಿತು.

‘ಸರಣಿ’ ಎಂಬುದು ಮಕ್ಕಳಿಗಾಗಿ ಮಾಡಿದ ಕನ್ನಡದ ಪ್ರೋಗ್ರಾಮಿಂಗ್ ಭಾಷೆ. ‘ನಡೆ’, ‘ತಿರುಗು’ ಎಂದು ಬರೆದರೆ ಪರದೆಯ ಮೇಲೆ ಚಿತ್ರ ಮೂಡುತ್ತದೆ. ಅದನ್ನು ನೋಡಿಕೊಳ್ಳಲು ರೋಣದಲ್ಲೊಂದು ಸೇವಾಸಂಸ್ಥೆ, ಸರಣಿ ಬಳಗ. ಬಳಸುವವರೇ ಸದಸ್ಯರು, ಸದಸ್ಯರೇ ಆಡಳಿತ ಮಂಡಳಿಯನ್ನು ಆರಿಸಬೇಕು. ಅದು ಹೇಳಿಕೊಳ್ಳುವುದಕ್ಕೆ. ಚುನಾವಣೆ ನಡೆದರೆ ಮಾನ ಹೋಗುತ್ತದೆಂದು ನಮ್ಮ ಹಿರಿಯರು ಚಹಾ ಕುಡಿದು, ಎಲೆಅಡಿಕೆ ಉಗುಳಿ, ಒಳಗೊಳಗೇ ಹೆಸರು ಮುಗಿಸಿ ಹಾರ ತರಿಸುತ್ತಾರೆ. ಹಾಗೆ ಬಂದ ಮಂಡಳಿ 2007ರಲ್ಲಿ ಹಳೆಯ ಕಂಪ್ಯೂಟರಿನಲ್ಲಿ ಓಡದಂಥ ಹೊಸ ಆವೃತ್ತಿ ತರಲು ಹೊರಟಿತ್ತು. ಮೆಣಸಗಿ ಶಾಲೆಯಲ್ಲಿರುವುದೆಲ್ಲ ಹಳೆಯವೇ. ಅಲ್ಲಿಯ ಮಾಸ್ತರರನ್ನು ಒಬ್ಬರೂ ಕೇಳಿರಲಿಲ್ಲ. ಹೇಸಿಗೆಯಾಗಿ, ಖಾಲಿಯಿದ್ದ ಒಂದೇ ಸ್ಥಾನಕ್ಕೆ ನಾನು ಹೆಸರು ಕೊಟ್ಟಿದ್ದೆ. ಹೊಸದು ಮೊದಲು ಬರಲಿ, ಹಳೆಯದನ್ನು ಆಮೇಲೆ ನೋಡೋಣ ಎನ್ನುವ ರಫೀಕನೂ ಕೊಟ್ಟಿದ್ದ.

"ಅಧ್ಯಕ್ಷರು ಏನಂದ್ರು? ಗುರುಸಂಗಪ್ಪ ಸರ್?" ಎಂದೆ.

ಅವನು ನೆಲ ನೋಡಿದ. "ಹ್ಯಾಂಗೂ ಇಬ್ಬರೂ ಲಗ್ನ ಆಗವ್ರು, ಒಂದು ಮನಿಗೆ ಒಂದು ಕುರ್ಚಿ ಸಾಕು ಅಂದ್ರು."

"ನೀ ನಕ್ಕಿ."

"ಹೂಂ. ನಕ್ಕೆ."

ಮೈಮೇಲೆ ಹಲ್ಲಿ ಬಿದ್ದಂತಾಯಿತು. ಪೊಟ್ಟಣ ಎತ್ತಿ ಅವನ ಕೈಗಿಟ್ಟೆ. "ನನ್ನ ಕೇಳದ ನನ್ನ ಹೂಂ ನೀ ಅಂದು ಬಂದಿ. ನಾಳೆ ನಿಕಾಹದಾಗೂ ನನ್ನ ಬದ್ಲಿ ನೀನ ಕಬೂಲ ಅಂತಿ. ಬ್ಯಾಡಪಾ, ಇಂಥಾ ಗಂಡ ನನಗ ಬ್ಯಾಡ."

ಅವನು ಪೊಟ್ಟಣ ಹಿಡಿದು ಎದ್ದು ಹೋದ. ಕೀಬೋರ್ಡಿನ ಎಣ್ಣೆ ಒರೆಸುತ್ತ ನಾನು ಅತ್ತೆ. ಇಷ್ಟು ಅಸಹ್ಯವಾದ ಮೇಲೂ ಅವನೇ ಬೇಕೆನಿಸುತ್ತಿತ್ತಲ್ಲ, ಅದಕ್ಕೆ ನನ್ನ ಮೇಲೂ ಅಸಹ್ಯವಾಯಿತು.

ಭಾನುವಾರದ ಸಭೆಯಲ್ಲಿ ಹಾರ ಆಗಲೇ ಟೇಬಲ್ಲಿನ ಮೇಲಿತ್ತು, ಅದರ ಮೇಲೆ ನೊಣ. ಗುರುಸಂಗಪ್ಪನವರು ಹಲ್ಲಿನ ಸಂದಿಯ ಅಡಿಕೆ ಕೆದಕುತ್ತಲೇ, "ನಮ್ಮ ಹುಡುಗಿ ಹಿಂದ ಸರದಾಳ್ರಿ. ರಫೀಕ ಅವಿರೋಧ!" ಎಂದರು. ನಾನು ಏಳುವಷ್ಟರಲ್ಲಿ ರಫೀಕ ಎದ್ದಿದ್ದ.

"ಅಕಿ ಸರದಿಲ್ರಿ. ಅಕಿನ್ನ ಕೇಳದ ನಾನ ಸುಳ್ಳು ಹೇಳಿದ್ದೆ. ನಾನೂ ಹಿಂದ ಸರಿಯಾಂಗಿಲ್ಲ. ನಮ್ಮಿಬ್ಬರ ವಿಚಾರ ಬ್ಯಾರೆ ಬ್ಯಾರೆ ಅದಾವು. ಚೀಟಿ ಹಾಕಸ್ರಿ."

"ಮನಿ ಜಗಳ ಮನ್ಯಾಗ ಮುಗಿಸ್ಕೋರಿ," ಎಂದು ಯಾರೋ ಹಲ್ಲು ಕಿಸಿದರು.

"ಮನಿ ಇನ್ನೂ ಆಗಿಲ್ರಿ," ಎಂದ ರಫೀಕ. ಕಿವಿಯವರೆಗೂ ಕೆಂಪಾಗಿದ್ದ, ಆದರೂ ಕೂಡಲಿಲ್ಲ.

ಹಿಂದಿನ ಸಾಲಿನಲ್ಲಿ ಮೆಣಸಗಿಯ ಸಣ್ಣಪ್ಪ ಮಾಸ್ತರರು ಎದ್ದರು. "ಖರೇ ಐತ್ರಿ. ನಾವು ಬಳಸವ್ರು, ನಮ್ಮನ್ನೂ ಕೇಳ್ರಿ." ರಾಜೂರು ಶಾಲೆಯವರೂ ಎದ್ದರು. ಗುರುಸಂಗಪ್ಪನವರು ಮುಖ ಸಿಂಡರಿಸಿ ಒಪ್ಪಿದರು.

ಬಿಸ್ಕೀಟಿನ ಖಾಲಿ ಡಬ್ಬಿಯೇ ಮತಪೆಟ್ಟಿಗೆಯಾಯಿತು. ಅಂತೂ ಇಂತೂ ನಾನು ಗೆದ್ದೆ. ನೊಣ ಮುತ್ತಿದ ಆ ಹಾರ ಬೇಡವೆಂದೆ.

ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗ ರಫೀಕ ಬಂದು ಜೊತೆಯಾದ, ಒಂದು ಮಾರು ದೂರ ಬಿಟ್ಟು. ಓರೆಗಣ್ಣಲ್ಲಿ ನನ್ನನ್ನು ನೋಡುವುದು, ನಾನು ತಿರುಗಿದರೆ ಹೋಗುವ ಟಂಟಂ ಆಟೋ ನೋಡುವುದು.

"ಯಾರಿಗೆ ಹಾಕಿದಿ?" ಎಂದೆ.

"ಅದನ್ನ ಕೇಳಬಾರದು."

"ಖರೇ ಹೇಳು."

‘ಪ್ರೀತಿಗಾಗಿ ನಿನಗ ಹಾಕೀನಿ’ ಎಂದುಬಿಟ್ಟರೆ ಆ ಉಪಕಾರಕ್ಕೆ ನನಗೆ ಮತ್ತೆ ಅಸಹ್ಯವಾಗುತ್ತಿತ್ತು.

"ನನಗ ನಾನ ಹಾಕ್ಕೊಂಡೆ," ಎಂದ ಅವನು, ಹೆದರುತ್ತ. "ನನ್ನ ವಿಚಾರ ಬದಲಾಗಿಲ್ಲ. ಮುಂದಿನ ಸಲ ನಿನ್ನ ಸೋಲಸ್ತೀನಿ. ಆದ್ರ ನೀ ಇಲ್ಲದ ನನಗ ಆಗಾಂಗಿಲ್ಲ ನಾಜಮೀನ. ಅದೂ ಖರೇನ."

ಬಹಳ ದಿನಗಳ ಮೇಲೆ ನನಗೆ ಹೊಟ್ಟೆ ತುಂಬ ನಗು ಬಂತು. ದುಪಟ್ಟಾದ ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಶುಕ್ರವಾರ ಸಂಜಿಗೆ ಲಗ್ನದ ಮಾತಿಗೆ ನಿಮ್ಮ ಅಮ್ಮನ್ನ ಕರಕೊಂಡು ನಮ್ಮ ಮನಿಗೆ ಬಾ," ಎಂದೆ. "ನೀ ಸುಮ್ನ ಕೂಡು. ಮಾತು ನಾನ ಆಡ್ತೀನಿ."