ಅಪ್ಪುವಿನ ಬಲಗೈ ಗ್ರಿಪ್ಪು

ಘುಬಡಕಡಾದ ಕೊರಕಲಿನಲ್ಲಿ ಬಿದ್ದಿರುವ ಸೈಕಲ್ಲನ್ನು ಮಹಾಲಯ ಅಮಾವಾಸ್ಯೆಗೆ ಮೊದಲು ಮನೆಗೆ ತರಬೇಕು. ಬಸವಂತ ಹೀಗೆಂದಾಗ ಇಚಲಕರಂಜಿಯ ಆ ನೇಕಾರರ ಓಣಿಯ ಜನ ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು. ಮಗ್ಗಗಳು ಖಟಖಟ ಬಡಿದುಕೊಳ್ಳುತ್ತಲೇ ಇದ್ದವು.

ಸೈಕಲ್ಲು ಅವನ ತಮ್ಮ ಅಪ್ಪುವಿನದು. ಹೋದ ಮಳೆಗಾಲದಲ್ಲಿ ಕೋವಾಡದ ಆಚೆಯ ಕಾಡಿನಲ್ಲಿ, ಘುಬಡಕಡಾ ಎಂಬ ಕಡಿದಾದ ತಿರುವಿನಿಂದ ಅಪ್ಪು ಸೈಕಲ್ ಸಮೇತ ಕೆಳಗೆ ಹೋದ. ಹೆಣ ಮೇಲಿನ ಹಾಸುಬಂಡೆಯಲ್ಲೇ ಸಿಕ್ಕಿತು. ಸೈಕಲ್ಲು ಇನ್ನೂ ಕೆಳಗೆ ಉರುಳಿ ಅಲ್ಲೇ ಉಳಿಯಿತು. ಹಿಂದಿನ ದಿನವಷ್ಟೇ ಅವನು ಮಗ್ಗದ ಮಾಲೀಕನ ಜೊತೆ ಜಗಳವಾಡಿ ಕೆಲಸ ಬಿಟ್ಟು ಬಂದಿದ್ದ. ಓಣಿಯವರಿಗೆ ಅಷ್ಟು ಸಾಕಾಯಿತು. ಬಿದ್ದಿಲ್ಲ, ಹಾರಿದ್ದಾನೆ ಎಂದರು.

ಸೋದರಮಾವ ಬಾಳಾಸಾಹೇಬನಂತೂ ತೀರ್ಪನ್ನೇ ಕೊಟ್ಟುಬಿಟ್ಟ. "ತಾನಾಗೇ ಜೀವಾ ಕಳಕೊಂಡಾವಗ ಅಮಾಸಿಗೆ ಹಿರ್ಯಾರ ಸಾಲಿನ್ಯಾಗ ಎಡಿ ಇಡೂ ಹಂಗಿಲ್ಲ."

ತಾಯಿ ಮುದಕವ್ವ ಮಗನ ಫೋಟೊವನ್ನು ಗೋಡೆಗೆ ಹಾಕಲಿಲ್ಲ. ಜೋಳದ ಡಬ್ಬಿಯ ಹಿಂದೆ ಇಟ್ಟಳು. ಅಂದಿನಿಂದ ಅವಳದು ಒಂದೇ ಮಾತು. "ಹಾರಿದ್ನೋ, ಬಿದ್ನೋ? ಯಾರರ ಹೇಳ್ರಿ."

ಹೇಳಬೇಕಾದದ್ದು ಆ ಸೈಕಲ್ಲೇ. ಪೊಲೀಸರು ಇಳಿಯಲಿಲ್ಲ, ಬಾಯಿಬಡುಕ ಮಾವನೂ ಇಳಿಯಲಿಲ್ಲ. ಹಾಗಾದರೆ ನಾನೇ ಇಳಿಯುತ್ತೇನೆ ಎಂದ ಬಸವಂತ.

ಜೊತೆಗೆ ಇಬ್ಬರು ಎದ್ದರು. ಒಬ್ಬಳು ಸಪನಾ. ಮಗ್ಗದ ಕಾಂಡಿ ಎಂಬ ಉರುಳೆಗೆ ನೂಲು ಸುತ್ತುವ ಕೆಲಸದವಳು, ಅಪ್ಪುವಿನ ಜೊತೆ ಗುಡ್ಡ ಹತ್ತಿ ಸೈಕಲ್ ಕಲಿತವಳು. ಇನ್ನೊಬ್ಬ ದತ್ತವಾಡದ ಜಿನದತ್ತ. ಬಸವಂತನ ಗೆಳೆಯ, ಕಬ್ಬು ಬೆಳೆಯುವ ಜೈನರವನು. ಅವನ ಬಳಿ ಪಿಕಪ್ ಗಾಡಿ ಇತ್ತು, ಬಾವಿಗೆ ಇಳಿಯುವ ದಪ್ಪ ಹಗ್ಗವೂ ಇತ್ತು.

ಕಾಡಿನೊಳಗೆ ಗಾಡಿ ಹೋಗದು, ಸೈಕಲ್ಲೇ ತುಳಿಯಬೇಕು. ಒಂದೇ ತೊಡಕು ಬಸವಂತನ ಬಲಗೈ. ವರ್ಷಗಟ್ಟಲೆ ಮಗ್ಗದ ನಡುಕ ತಿಂದು ಅದರ ಕೊನೆಯ ಎರಡು ಬೆರಳು ಜೋಮು ಹಿಡಿಯುತ್ತಿದ್ದವು. ಹ್ಯಾಂಡಲ್ಲಿನ ಸವೆದ ರಬ್ಬರ್ ಗ್ರಿಪ್ ಹಿಡಿದು ಕಲ್ಲುದಾರಿಯಲ್ಲಿ ಹೋದರೆ ಅರ್ಧ ದಾರಿಯಲ್ಲೇ ಕೈ ಸತ್ತಂತಾಗುತ್ತಿತ್ತು. ಅವನಿಗೆ ಮೆತ್ತನೆಯ ಫೋಮ್ ಗ್ರಿಪ್ ಬೇಕಿತ್ತು. ಮೂವರೂ ಸೈಕಲ್ಲುಗಳನ್ನು ಪಿಕಪ್ಪಿಗೆ ಹೇರಿ ಕೊಲ್ಹಾಪುರಕ್ಕೆ ಹೋದರು.

ಅಲ್ಲಿನ ಸೈಕಲ್ ಅಂಗಡಿಯ ಅತುಲ ಗಡಹಿಂಗ್ಲಜದವನು, ಕನ್ನಡ ಬಲ್ಲವನು. ಬಸವಂತ ಎಲ್ಲಕ್ಕಿಂತ ದಪ್ಪದ್ದನ್ನು ಎತ್ತಿ ಬ್ರೆಡ್ಡಿನಂತೆ ಹಿಸುಕಿದ.

"ಅದು ಬ್ಯಾಡ್ರಿ," ಎಂದ ಅತುಲ. ಅದನ್ನು ನೀರಿನ ಚೊಂಬಿನಲ್ಲಿ ಅದ್ದಿ ಹಿಂಡಿದ. ನೀರು ಸುರಿಯಿತು. "ನೋಡ್ರಿ, ಸ್ಪಂಜು. ಮಳ್ಯಾಗ ನೀರು ಕುಡಿತೈತಿ." ಇನ್ನೊಂದನ್ನು ಅದ್ದಿದ. ಕೊಡವಿದೊಡನೆ ಹನಿಗಳು ಉದುರಿ ಅದು ಒಣಗಿದಂತೆಯೇ ಆಯಿತು. "ಇದು ಬಿಗಿ ಫೋಮು. ಹಿಡದು ಮುಷ್ಟಿ ಮಾಡ್ರಿ. ಬೆರಳಿನ ತುದಿ ಹೆಬ್ಬೆರಳಿನ ಬುಡಕ್ಕ ಹತ್ತತೈತಿಲ್ಲೋ? ಹಂಗಿದ್ರ ಅದು ನಿಮ್ಮ ಕೈದು. ಅದಕ್ಕೂ ದಪ್ಪ ತಗೊಂಡ್ರ ಹಿಡದು ಹಿಡದು ಕೈ ಸೋಲತೈತಿ."

ಜಿನದತ್ತನೂ ಒಂದು ಜೊತೆ ಆರಿಸಿದ. ಅತುಲ ಅವನ ಹ್ಯಾಂಡಲ್ಲನ್ನು ಸ್ಪಿರಿಟ್ಟಿನಿಂದ ಒರೆಸಿ, ಗ್ರಿಪ್ಪಿನೊಳಗೆ ಕಂಪ್ರೆಸರ್ ಗಾಳಿ ಹೊಡೆದು ಸರ್ರನೆ ಏರಿಸಿದ. ಆಮೇಲೆ ಬಸವಂತನ ಕಡೆ ತಿರುಗಿದ. "ನಿಮ್ದೂ ತರ್ರಿ. ಎಣ್ಣಿ ಗಿಣ್ಣಿ ಹಚ್ಚಬ್ಯಾಡ್ರಿ ಮತ್ತ. ನೀವು ಮಗ್ಗದ ಮಂದಿ ಎಲ್ಲಾದಕ್ಕೂ ಎಣ್ಣಿನಽ ಹಚ್ತೀರಿ."

ಬಸವಂತನ ಮುಖ ಕೆಂಪಾಯಿತು. ಗ್ರಿಪ್ಪುಗಳನ್ನು ಕಸಿದುಕೊಂಡ. "ಮಗ್ಗದ ಮಂದೀನಽ ಹೌದು! ನಮ್ಮ ಮನ್ಯಾಗೂ ಹಾಕಾಕ ಬರತೈತಿ!"

"ಏ ಮಾರಾಯ, ಚಲೋ ಮಾತಽ ಹೇಳ್ಯಾನ," ಎಂದ ಜಿನದತ್ತ.

"ನೀ ಸುಮ್ನ ಬಾ."

ಮನೆಯಲ್ಲಿ ಮುದಕವ್ವ ಆಗಲೇ ಒಲೆ ಹಚ್ಚಿದ್ದಳು. ಅವಳ ಆಯುಷ್ಯವೆಲ್ಲ ಮಗ್ಗದ ಉದ್ದಕ್ಕೆ ಎಳೆಯುವ ಹಾಸುನೂಲಿಗೆ ಕಾಂಜಿ ಹಚ್ಚುವ ಕಾರ್ಖಾನೆಯಲ್ಲಿ ಕಳೆದಿತ್ತು. ಕಾಂಜಿ ಅಂದರೆ ಗಂಜಿಯ ಅಂಟು. ಬಿಸಿಯಾಗಿದ್ದಾಗ ಲೋಳೆ, ಒಣಗಿದರೆ ಕಲ್ಲು. ಆ ಓಣಿಯಲ್ಲಿ ಹರಿದ ಚಪ್ಪಲಿಯಿಂದ ಗೋಡೆಯ ಕ್ಯಾಲೆಂಡರಿನವರೆಗೆ ಎಲ್ಲವೂ ಕಾಂಜಿಯಲ್ಲೇ ಅಂಟುತ್ತಿತ್ತು.

"ಅಪ್ಪೂಗೂ ನಾನಽ ಕಾಸಿ ಕೊಟ್ಟಿದ್ದೆ," ಎಂದಳು ಮುದಕವ್ವ. ಹ್ಯಾಂಡಲ್ಲಿಗೆ ಬೆರಳಿನಿಂದ ಕಾಂಜಿ ಸವರಿದಳು. ಗ್ರಿಪ್ಪು ಬಳೆಯಂತೆ ಜಾರಿ ಒಳಗೆ ಕುಳಿತಿತು. ಬೆಳಿಗ್ಗೆ ಬಸವಂತ ಮೈಯ ಬಲವನ್ನೆಲ್ಲ ಹಾಕಿ ತಿರುಚಿ ನೋಡಿದ. ಕೂದಲೆಳೆಯಷ್ಟೂ ಅಲುಗಲಿಲ್ಲ.

"ಹವಾ ಹೊಡೀಬೇಕಂತ, ಹವಾ!" ಎಂದು ನಕ್ಕ.

ಪಿಕಪ್ಪು ಗಡಹಿಂಗ್ಲಜ ದಾಟಿತು, ಕೋವಾಡ ದಾಟಿತು. ರಸ್ತೆ ಮುಗಿದ ನಾಲ್ಕು ಮನೆಗಳ ವಾಡಿಯಲ್ಲಿ ಭಾವುಸಾಹೇಬ ಎಂಬ ದನಗಾಹಿ ಕಂಬಳಿ ಹೊದ್ದು ನಿಂತಿದ್ದ. ಹೋದ ವರ್ಷ ಅಪ್ಪುವಿನ ಹೆಣ ಹೊತ್ತವನು ಅವನೇ. ಸೈಕಲ್ಲುಗಳನ್ನು ನೋಡಿ ತಲೆಯಾಡಿಸಿ, ಹೋಗಬೇಡಿ ಎಂದು ಮರಾಠಿಯಲ್ಲಿ ತಡೆದ. "ನಕಾ ಜಾಊ ರೇ ಬಾಳಾನ್ನೋ. ಪಾವೂಸ ಯೇತೋಯ."

"ಮಳಿ ಬರ್ತೈತಿ ಅಂತ ಗೊತ್ತೈತಿ, ಮಾಮಾ," ಎಂದಳು ಸಪನಾ. "ಜಾಗಾ ಎಲ್ಲಿ, ಅದನ್ನಷ್ಟು ಹೇಳು."

ಅವನು ಕೋಲಿನಿಂದ ಪಡುವಣಕ್ಕೆ ತೋರಿಸಿದ. ಅಲ್ಲಿ ಮಂಜಿನ ಹೊರತು ಏನೂ ಇರಲಿಲ್ಲ.

ಆ ಕಾಡಿಗೆ ಬೆಳಕು ಇಳಿಯುತ್ತಿರಲಿಲ್ಲ. ಮೇಲೆ ಕೆಂಪು ಕಲ್ಲಿನ ಬಯಲು. ಅದರ ಗುಳಿಗಳಲ್ಲಿ ನಿಂತ ನೀರು ರಕ್ತ ಕಲೆಸಿದಂತೆ ಕಾಣುತ್ತಿತ್ತು. ಬಯಲು ಮುಗಿದಲ್ಲಿ ಕಾರ್ವಿ ಗಿಡಗಳ ದಟ್ಟಣೆ. ಒದ್ದೆ ಎಲೆಗಳು ಮುಖಕ್ಕೆ ಬಡಿಯುತ್ತಿದ್ದವು. ಇಂಬಳಗಳು ಪಾದ ಹುಡುಕಿಕೊಂಡು ಬರುತ್ತಿದ್ದವು. ಎಲ್ಲಿಯೋ ಒಂದು ಝರಿ ಗೊಣಗುತ್ತಿತ್ತು, ಆದರೆ ಮಂಜಿನಲ್ಲಿ ಅದು ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುತ್ತಿರಲಿಲ್ಲ. ಅಪ್ಪು ಇಂಥ ಜಾಗವನ್ನು ಯಾಕೆ ಪ್ರೀತಿಸಿದ? ಬಹುಶಃ ಇಲ್ಲಿ ಮಗ್ಗದ ಸದ್ದು ಕೇಳುವುದಿಲ್ಲ ಎಂದು.

ಸಪನಾ ಥಟ್ಟನೆ ಬ್ರೇಕ್ ಹಾಕಿದಳು.

ದಾರಿಯ ನಡುವೆ ಕಾಡುಕೋಣ. ಒದ್ದೆ ಬಂಡೆಯಂಥ ಮೈ. ಮೂಗಿನಿಂದ ಹೊಗೆ.

ಕೋಣ ಅವರನ್ನು ನೋಡಿತು, ಬೇಸರವಾದಂತೆ ತಲೆ ತಿರುವಿ ಗಿಡಗಳನ್ನು ಮುರಿಯುತ್ತ ಇಳಿದುಹೋಯಿತು.

"ನಿನ್ನ ಮಾವಗಿಂತ ಚಲೋ ಐತಿ," ಎಂದಳು ಸಪನಾ. "ಬಾಯಿ ಮುಚ್ಚಿಕೊಂಡು ಹೋತು."

ಆಮೇಲೆ ಮಳೆ ಹಿಡಿಯಿತು. ದಾರಿ ಕೆಳಮುಖವಾಯಿತು. ಒಂದು ಬದಿ ಗುಡ್ಡ, ಇನ್ನೊಂದು ಬದಿ ಬರೀ ಬಿಳಿ ಮಂಜು. ಕಲ್ಲುಗಳು ಚಕ್ರದ ಅಡಿಯಲ್ಲಿ ಕುಣಿದವು. ಫೋಮ್ ಆ ಹೊಡೆತಗಳನ್ನೆಲ್ಲ ನುಂಗುತ್ತಿತ್ತು. ಬಸವಂತನ ಬೆರಳುಗಳಲ್ಲಿ ಜೀವವಿತ್ತು. ಮುಂದೆ ತಿರುವು ಕಂಡಿತು. ಘುಬಡಕಡಾ.

ಹ್ಯಾಂಡಲ್ ತಿರುಗಿಸಿದ.

ಕೈ ತಿರುಗಿತು. ಹ್ಯಾಂಡಲ್ ತಿರುಗಲಿಲ್ಲ.

ಬಲಗೈಯ ಗ್ರಿಪ್ಪು ಸಾಬೂನಿನಂತೆ ಗಿರ್ರನೆ ಸುತ್ತಿ ಹೊರಕ್ಕೆ ಜಾರಿತು. ಮುಂದಿನ ಚಕ್ರ ಅಂಚಿನತ್ತ ಓಡಿತು.

"ಬಸೂ, ಒಳಗ ಬೀಳು! ಒಳಗ!"

ಸಪನಾಳ ಚೀರಾಟಕ್ಕೆ ಮೈ ತಾನಾಗಿ ಕೇಳಿತು. ಅವನು ಸೈಕಲ್ ಸಮೇತ ಗುಡ್ಡದ ಬದಿಗೆ ಬಿದ್ದ. ಭುಜ ಕಲ್ಲಿಗೆ ಬಡಿಯಿತು. ಮುಂದಿನ ಚಕ್ರ ಮಂಜಿನ ಮೇಲೆ ಖಾಲಿಯಾಗಿ ತಿರುಗುತ್ತ ನಿಂತಿತು.

ಬಿದ್ದಲ್ಲೇ ಎದ್ದು ಕುಳಿತ. ಅಂಗೈ ತೆರೆದು ನೋಡಿದ. ಬಿಳಿ ಲೋಳೆ. ಮೂಗಿಗೆ ಹಿಡಿದ. ಮನೆಯ ವಾಸನೆ, ಒಲೆಯ ವಾಸನೆ.

"ಕಾಂಜಿ," ಎಂದಳು ಸಪನಾ ಮೆಲ್ಲಗೆ. "ನೀರು ಬಿದ್ದು ಮತ್ತ ಲೋಳಿ ಆಗೇತಿ."

ಒಣಗಿದ ಕಾಂಜಿ ನೀರಿನಲ್ಲಿ ಬಿಡುತ್ತದೆ. ಬಟ್ಟೆ ಒಗೆಯುವ ಯಾರಿಗೂ ಗೊತ್ತಿರುವ ಮಾತು. ಆ ಓಣಿಯಲ್ಲಿ ಹುಟ್ಟಿದ ಒಬ್ಬನಿಗೂ ಸೈಕಲ್ಲಿನ ಹೊತ್ತಿನಲ್ಲಿ ಅದು ನೆನಪಾಗಿರಲಿಲ್ಲ.

"ಹಗ್ಗ ಕಟ್ಟು," ಎಂದ ಬಸವಂತ. ಅವನ ದನಿ ಬೇರೆಯಾಗಿತ್ತು.

ಜಿನದತ್ತ ಹಗ್ಗವನ್ನು ಮರಕ್ಕೆ ಎರಡು ಸುತ್ತು ಹಾಕಿ ಸೊಂಟಕ್ಕೆ ಬಿಗಿದುಕೊಂಡ. ಇನ್ನೊಂದು ತುದಿ ಹಿಡಿದು ಬಸವಂತ ಇಳಿದ. ಬಂಡೆ ಪಾಚಿಗಟ್ಟಿತ್ತು. ಒಂದು ಕಲ್ಲು ಕಳಚಿ ಕಿವಿಯ ಪಕ್ಕದಲ್ಲೇ ಹಾಯಿತು. ಅದು ತಳ ಮುಟ್ಟಿದ ಸದ್ದು ಬರಲೇ ಇಲ್ಲ. ಹಾಸುಬಂಡೆ ದಾಟಿದ. ಅಪ್ಪು ಬಿದ್ದಿದ್ದ ಜಾಗ. ಅಲ್ಲಿ ನಿಲ್ಲದೆ ಇಳಿಯುತ್ತಲೇ ಹೋದ.

ಇನ್ನೂ ಕೆಳಗೆ, ಕಾರ್ವಿ ಬೇರುಗಳ ನಡುವೆ ಸೈಕಲ್ಲು ಸಿಕ್ಕಿಕೊಂಡಿತ್ತು. ತುಕ್ಕು ಹಿಡಿದು ಕಾಡಿನ ಬಣ್ಣಕ್ಕೇ ತಿರುಗಿತ್ತು. ಎಡಗಡೆಯ ಗ್ರಿಪ್ಪು ತನ್ನ ಜಾಗದಲ್ಲಿತ್ತು. ಬಲಗಡೆಯದು ಅರ್ಧ ಹೊರಬಂದು, ಕಿತ್ತ ಹಲ್ಲಿನಂತೆ ಜೋತಾಡುತ್ತಿತ್ತು. ಕಾಂಜಿಯ ಆಸೆಗೆ ಇರುವೆಗಳು ಅದರ ಅಂಚನ್ನು ಕೊರೆದಿದ್ದವು.

ಬಸವಂತ ಹಗ್ಗಕ್ಕೆ ಸೈಕಲ್ ಬಿಗಿದ. ಮೇಲಿನಿಂದ ಇಬ್ಬರೂ ಜಗ್ಗಿದರು. ಮತ್ತೆ ಇಳಿಬಿಟ್ಟ ಹಗ್ಗ ಹಿಡಿದು ಅವನು ಹತ್ತಿದ. ಅರ್ಧದಲ್ಲಿ ಎರಡು ಬೆರಳು ಕೈಕೊಟ್ಟವು. ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಬೈಯಲೂ ಆಗದೆ, ಮೊಣಕಾಲನ್ನು ಬಂಡೆಗೆ ಊರಿ ಮೇಲೆ ಬಂದ.

ಸಪನಾ ಹಿಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿದ್ದಳು. ಟೈರು ಎಲ್ಲೆಡೆ ಹೊಸದರಂತಿತ್ತು. ಒಂದೇ ಕಡೆ ಸವೆದು ಒಳಗಿನ ನೂಲು ಕಾಣುತ್ತಿತ್ತು. ಚಕ್ರ ಬಿಗಿದು ನಿಂತು ಕಲ್ಲಿನ ಮೇಲೆ ಉಜ್ಜಿಕೊಂಡು ಹೋದ ಗುರುತು.

"ಬ್ರೇಕ್ ಹಾಕ್ಯಾನ," ಎಂದಳು. ಕಣ್ಣೀರೋ ಮಳೆಯೋ ತಿಳಿಯುವಂತಿರಲಿಲ್ಲ. "ಹಾರಾಂವ ಬ್ರೇಕ್ ಹಾಕ್ತಾನೇನು?"

ಜಿನದತ್ತ ಜೋತಾಡುವ ಗ್ರಿಪ್ಪನ್ನೇ ನೋಡುತ್ತಿದ್ದ. "ಬಸೂ, ಟೈರಷ್ಟು ತೋರ್ಸು. ಇದನ್ನ ಕಿತ್ತು ಇಲ್ಲೇ ಒಗದುಬಿಡು. ಕಾಂಜಿ ಕಾಸಿದಾಕಿ ನಿಮ್ಮವ್ವ."

ಬಸವಂತ ಅದಕ್ಕೆ ಕೈ ಹಾಕಿದ. ಎಳೆದರೆ ಬರುತ್ತಿತ್ತು. ಅಪ್ಪುವಿನ ಬೆರಳುಗಳು ಒತ್ತಿದ್ದ ತಗ್ಗುಗಳು ಫೋಮಿನಲ್ಲಿ ಇನ್ನೂ ಹಾಗೇ ಇದ್ದವು.

"ಆಗೂದಿಲ್ಲ," ಎಂದ. ಅಷ್ಟೇ.

ಬಂಡೆಯ ಮರೆಯಲ್ಲಿ ಬಸವಂತನ ಸೈಕಲ್ಲಿನ ಗ್ರಿಪ್ಪುಗಳನ್ನು ಕಿತ್ತರು. ಜಿನದತ್ತ ಗಾಯ ಒರೆಸಲು ತಂದ ಸ್ಪಿರಿಟ್ಟನ್ನು ಪೂರ್ತಿ ಸುರಿದು, ಅಂಗಿಯ ಒಣ ತುದಿಯಿಂದ ಹ್ಯಾಂಡಲ್ಲನ್ನೂ ಫೋಮಿನ ಒಳಗನ್ನೂ ತಿಕ್ಕಿದರು. ಸ್ಪಿರಿಟ್ ಹಸಿ ಇರುವಾಗಲೇ ಗ್ರಿಪ್ ತಳ್ಳಿ, ಅದು ಆರುವವರೆಗೆ ಕಾದರು. ಸಪನಾ ಸೊಂಟದ ಚೀಲದಿಂದ ಹಾಸುನೂಲು ತೆಗೆದು ಎರಡೂ ತುದಿಗೆ ಬಿಗಿಯಾಗಿ ಸುತ್ತಿ, ಮಗ್ಗದಲ್ಲಿ ಹರಿದ ಎಳೆಗೆ ಹಾಕುವ ಸಣ್ಣ ಗಂಟು ಹಾಕಿದಳು.

"ಹೊತ್ತು ಮುಳುಗಾಕ ಬಂತು," ಎಂದ ಜಿನದತ್ತ, ರೊಟ್ಟಿ ಬಿಚ್ಚುತ್ತ. "ನೀವು ಆಮ್ಯಾಲೆ ತಿಂತೀರಿ. ನನಗ ಸೂರ್ಯಾ ಮುಳುಗಿದ ಮ್ಯಾಲೆ ಉಪಾಸ."

"ಸೂರ್ಯಾ ಎಲ್ಲಿ ಕಂಡ್ಯೋ ಮಾರಾಯ? ಮುಂಜಾನಿಂದ ಮುಳುಗೇ ಐತಿ," ಎಂದಳು ಸಪನಾ.

ಬರುವಾಗ ಸುಮ್ಮನೆ ದಾಟಿದ್ದ ಝರಿ ಈಗ ಕೆಂಪಗೆ ಉಕ್ಕುತ್ತಿತ್ತು. ಅಪ್ಪುವಿನ ಸೈಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು, ತನ್ನದನ್ನು ಊರುಗೋಲಿನಂತೆ ಒತ್ತಿ ಹಿಡಿದು ಬಸವಂತ ಮೊದಲು ಇಳಿದ. ನೀರು ತೊಡೆಗೆ ಬಂತು. ಕಾಲಡಿಯ ಕಲ್ಲು ಹೊರಳಿತು. ಇಡೀ ಭಾರ ಬಲಗೈ ಮೇಲೆ ಬಿತ್ತು. ಗ್ರಿಪ್ಪು ಕದಲಲಿಲ್ಲ.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಬಾಳಾಸಾಹೇಬ ಕುಳಿತೇ ಇದ್ದ. ಬಸವಂತ ಮಾತಾಡದೆ ಹಿಂದಿನ ಟೈರನ್ನು ಅವನ ಮೂಗಿನ ಮುಂದೆ ತಿರುಗಿಸಿದ. ಬಾಳಾಸಾಹೇಬ ಟೆಂಪೊ ಓಡಿಸಿ ಮುದುಕನಾದವನು. ಸವೆದ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿದ. ತಲೆ ತಗ್ಗಿಸಿದ.

"ಬ್ರೇಕ್ ಹಾಕ್ಯಾನ ಪೋರ," ಎಂದ.

ಮುದಕವ್ವ ಬಾಗಿಲು ಹಿಡಿದು ನಿಂತಿದ್ದಳು. "ಹಂಗಾರ ಯಾಕ ಬಿದ್ದ?"

"ಮಳಿ ಇತ್ತವ್ವಾ. ಕೈ ಜಾರೇತಿ."

ಅವಳು ಆ ಉತ್ತರಕ್ಕೆ ಕಿವಿಗೊಡಲಿಲ್ಲ. ಬಸವಂತನ ಹ್ಯಾಂಡಲ್ಲನ್ನು ನೋಡುತ್ತಿದ್ದಳು. "ನಿನ್ನ ಗ್ರಿಪ್ಪಿಗೆ ಯಾಕ ನೂಲು ಸುತ್ತೀದಿ? ನಾ ಕಾಂಜಿ ಹಚ್ಚಿದ್ದೆನಲ್ಲ."

ಬಸವಂತ ಹ್ಯಾಂಡಲ್ಲಿಗೆ ಅಡ್ಡವಾಗಿ ನಿಂತ.

ಮುದಕವ್ವ ಅಪ್ಪುವಿನ ಸೈಕಲ್ಲಿನ ಬಲಗಡೆಯ ಗ್ರಿಪ್ಪನ್ನು ಎಳೆದಳು. ಅದು ಬಂದುಬಿಟ್ಟಿತು. ಒಳಗೆ ಬೆರಳು ಹಾಕಿ ಉಜ್ಜಿದಳು, ಮೂಸಿದಳು.

"ನನ್ನ ಕಾಂಜಿ."

"ಅವ್ವಾ, ನಾನೂ ಅದನ್ನಽ ಹಾಕ್ಕೊಂಡು ಹೋಗಿದ್ದೆ, ಯಾರಿಗೂ—"

"ಸುಮ್ನಿರು." ಅವಳು ಹೊಸ್ತಿಲ ಮೇಲೆ ಕುಳಿತಳು. ಗ್ರಿಪ್ಪನ್ನು ಮಡಿಲಲ್ಲಿ ಇಟ್ಟುಕೊಂಡಳು. "ನನ್ನ ಬ್ಯಾಡಂತ ಬಿಟ್ಟು ಹೋಗ್ಯಾನ ಅನ್ನೂದನ್ನ ನನಗ ಹೊರಾಕ ಆಗಿದ್ದಿಲ್ಲ. ಇದನ್ನ ಹೊರ್ತೇನಿ."

ಅಮಾವಾಸ್ಯೆಯಂದು ಹಿರಿಯರ ಸಾಲಿನಲ್ಲಿ ಒಂದು ಎಡೆ ಹೆಚ್ಚಾಯಿತು. ಎಲೆ ಹಾಕಲು ಜಾಗ ಸಾಲದೆ ಬಾಳಾಸಾಹೇಬನೇ ಹಿಂದೆ ಸರಿದು ಕುಳಿತ. ಅಷ್ಟರಲ್ಲಿ ಬಸವಂತ ಮತ್ತು ಸಪನಾ ಸ್ಪಿರಿಟ್ಟಿನ ಬಾಟಲಿ, ಹಾಸುನೂಲಿನ ಉಂಡೆ ಹಿಡಿದು ಓಣಿಯ ಒಂದೊಂದೇ ಸೈಕಲ್ಲಿನ ಗ್ರಿಪ್ಪು ಕಿತ್ತು, ಕಾಂಜಿ ಒರೆಸಿ, ನೂಲು ಕಟ್ಟಿ ಬಂದಿದ್ದರು. ಕೆಲವರು ಬೈದರು. ಬಸವಂತ ಅದಕ್ಕಿಂತ ಜೋರಾಗಿ ಬೈದ.

ಊಟವಾದ ಮೇಲೆ ಮುದಕವ್ವ ಡಬ್ಬಿಯ ಹಿಂದಿನ ಫೋಟೊ ತಂದು ಮೊಳೆಗೆ ಹಾಕಿದಳು. ಪಕ್ಕದ ಮನೆಯ ಮಗ್ಗಗಳು ಓಡುತ್ತಿದ್ದವು. ಆ ಓಣಿಯ ಗೋಡೆಗಳು ನಿಂತಲ್ಲಿ ನಿಲ್ಲುವುದಿಲ್ಲ. ಫೋಟೊ ಟಕಟಕ ಬಡಿಯತೊಡಗಿತು. ಅವಳು ಈಳಿಗೆಮಣೆಯಲ್ಲಿ ಅಪ್ಪುವಿನ ಗ್ರಿಪ್ಪನ್ನು ಎರಡು ತುಂಡು ಮಾಡಿ, ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಸಿಕ್ಕಿಸಿದಳು.

ಗೋಡೆ ನಡುಗುತ್ತಲೇ ಇತ್ತು. ಫೋಟೊ ಸದ್ದು ಮಾಡಲಿಲ್ಲ.