ಹರಿಯದ ತಗಡು

ಒತ್ತಡದ ಮಾಪಕದ ಮುಳ್ಳು ಕೆಂಪು ಗೆರೆ ದಾಟಿತ್ತು.

ಡಿಸ್ಕ್ ಹರಿಯಲಿಲ್ಲ!

ಒಣಮೆಣಸಿನಕಾಯಿಯ ಬಣ್ಣ ತೆಗೆಯುವ ಪಾತ್ರೆ ಅದು. ಎರಡಾಳೆತ್ತರದ ಉಕ್ಕು. ಒಳಗೆ ಬ್ಯಾಡಗಿ ಕಾಯಿಯ ಪುಡಿ, ಪೆಟ್ರೋಲಿನಂತೆ ಹತ್ತಿಕೊಳ್ಳುವ ದ್ರಾವಕ. ಸುತ್ತಲೂ ಉಗಿಯ ಬಿಸಿ. ಕಾಲಡಿಯ ನೆಲವೇ ನಡುಗುತ್ತಿತ್ತು.

ನನ್ನ ಹೆಸರು ಹುಮಾ. ಇನ್ಶೂರೆನ್ಸ್ ಕಂಪನಿಗಳ ಪರವಾಗಿ ಕಾರ್ಖಾನೆಗಳ ತಪಾಸಣೆ ಮಾಡುತ್ತೇನೆ. ರಾಣೆಬೆನ್ನೂರಿನಿಂದ ಹಾವೇರಿಯವರೆಗೆ ನನ್ನ ಜೀಪು ನಿಲ್ಲದ ಶೆಡ್ ಇಲ್ಲ. ದಣಿದಿದ್ದೇನೆ... ‘ಏನೂ ಆಗೂದಿಲ್ಲ ಮೇಡಂ’ ಎಂಬ ಮಾತು ಕೇಳಿ ಕೇಳಿಯೇ ದಣಿದಿದ್ದೇನೆ.

ತಲೆಯೆತ್ತಿ ನೋಡಿದೆ.

ಇಂಥ ಪಾತ್ರೆಯ ನೆತ್ತಿಯ ಕೊಳವೆಯಲ್ಲಿ ಒಂದು ತೆಳು ಲೋಹದ ಬಿಲ್ಲೆ ಇರುತ್ತದೆ. ರಪ್ಚರ್ ಡಿಸ್ಕ್. ಒತ್ತಡ ಮಿತಿ ಮೀರಿದರೆ ಅದು ಹರಿಯಬೇಕು. ತಾನು ಹರಿದು ಪಾತ್ರೆಯನ್ನು ಉಳಿಸಬೇಕು. ಅದಕ್ಕೆ ಬೇರೆ ಕೆಲಸವೇ ಇಲ್ಲ. ಅದರ ಅಂಚಿನಿಂದ ಪುಟ್ಟದೊಂದು ಟ್ಯಾಗ್ ಹೊರಗೆ ಇಣುಕುತ್ತಿರುತ್ತದೆ.

ಇಲ್ಲಿ ಟ್ಯಾಗ್ ಇರಲಿಲ್ಲ.

“ನಿಜಲಿಂಗಪ್ಪಾ, ಮ್ಯಾಲೆ ಏನ್ ಕೂಡ್ರಿಸೀರಿ?”

ಸೂಪರ್‌ವೈಸರ್ ನಿಜಲಿಂಗಪ್ಪನ ಮುಖ ಬಿಳಿಚಿಕೊಂಡಿತು.

“ಡಿಸ್ಕ್ ಇಲ್ರಿ ಮೇಡಂ... ತಗಡು ಹಾಕೀವಿ.”

“ಎಷ್ಟು ದಪ್ಪ?”

ಅವನು ಕಿರುಬೆರಳು ತೋರಿಸಿದ!

“ಡಿಸ್ಕ್ ಪದೇ ಪದೇ ಹರೀತಿತ್ರಿ. ಹರಿದಾಗೊಮ್ಮೆ ಮಾಲು ಹಾಳು. ಸಾವ್ಕಾರ್ರು ಸಿಟ್ಟಿಗೆದ್ದು...”

“ಉಗಿ ಬಂದ್ ಮಾಡ್ರಿ!”

“ವಾಲ್ವ್ ಕಚ್ಕೊಂಡೈತ್ರಿ! ತಿರಗವಲ್ದು!”

ಹಿಂದಿನ ಗೋಡೆಯಾಚೆಯಿಂದ ನಗು ಕೇಳಿಸಿತು. ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು.

“ಅವರನ್ನ ಲಗೂನ ಹೊರಗ ಕಳಸ್ರಿ. ನಾ ಬಾಯ್ಲರಿನ ಕಡೆ ಹೊಂಟೆ.”

ಓಡಿದೆ. ಮಂಡಿ ಬೈಯಿತು. ಕೇಳಲಿಲ್ಲ.

ಬಾಯ್ಲರ್ ಮನೆಯ ಬಾಗಿಲಿಗೆ ಅಡ್ಡ ಒಬ್ಬ ಆಳು. ದುರುಗೇಶ. ಸಾವ್ಕಾರನ ಬಂಟ. ಬಾಗಿಲಿನಷ್ಟೇ ಅಗಲ.

“ಎಲ್ಲಿಗ್ರಿ?”

“ಉಗಿ ನಿಲ್ಲಸ್ಬೇಕು. ಬಾಜೂಕ ಸರಿ!”

“ಸಾವ್ಕಾರ್ರು ಹೇಳಿಲ್ಲ. ಪರದೇಶದ ಪಾರ್ಟಿ ಮಾಲು ನೋಡಾಕ ಬರಾಕತ್ತೈತಿ. ಸುಮ್ನ ಹೊಳ್ಳಿ ಹೋಗ್ರಿ.”

ನುಗ್ಗಿದೆ. ರಟ್ಟೆ ಹಿಡಿದು ಗೋಡೆಗೆ ಒತ್ತಿದ. ಮೂಳೆ ಲಟಕ್ ಎಂದಿತು.

ಅವನೊಡನೆ ಹೊಡೆದಾಡುವ ವಯಸ್ಸು ನನ್ನದಲ್ಲ.

“ಆ ಗೋಡಿ ಹಿಂದ ನಿಮ್ಮವರು ಯಾರರ ಅದಾರೇನೋ?”

“ಯಾಕ?”

“ಪಾತ್ರಿ ಒಡದ್ರ ಮೊದಲು ಬೀಳೂದು ಆ ಗೋಡಿ.”

ಹಿಡಿತ ಸಡಿಲವಾಯಿತು.

“ಅವ್ವ... ಗದಿಗೆವ್ವ... ಅಲ್ಲೇ ಕುಂತಾಳ...”

ಮುಂದೆ ನಾನು ಏನನ್ನೂ ಹೇಳಬೇಕಾಗಲಿಲ್ಲ. ದುರುಗೇಶ ತಾನೇ ಒಳಗೆ ನುಗ್ಗಿದ. ಮುಖ್ಯ ಉಗಿ ವಾಲ್ವಿನ ಚಕ್ರಕ್ಕೆ ಜೋತುಬಿದ್ದ. ಬಿಸಿಗೆ ಅಂಗೈ ಸುಟ್ಟಿತು. ಬಿಡಲಿಲ್ಲ. ನಾನೂ ಕೈ ಹಚ್ಚಿದೆ.

ಚಕ್ರ ತಿರುಗಿತು!

ಮರಳಿ ಓಡಿ ಬಂದು ಪಾತ್ರೆಯ ಮೇಲೆ ಪೈಪಿನಿಂದ ನೀರು ಬಿಟ್ಟೆವು. ಮುಳ್ಳು ಅಲ್ಲೇ ನಿಂತಿತ್ತು... ನಿಂತೇ ಇತ್ತು... ಆಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ ಎಂಬಂತೆ, ಕೆಳಗಿಳಿಯತೊಡಗಿತು.

ಅಂಗಳದಲ್ಲಿ ಗದಿಗೆವ್ವ ಮಗನ ಸುಟ್ಟ ಅಂಗೈ ನೋಡಿ ಬೈಯುತ್ತಿದ್ದಳು. “ಕಣ್ಣು ಎಲ್ಲಿಟ್ಟಿದ್ಯೋ ಖೋಡಿ!” ಅವನು ತಲೆ ತಗ್ಗಿಸಿ ನಿಂತಿದ್ದ. ನಾನು ಅಲ್ಲೇ ಚೀಲಗಳ ಮೇಲೆ ಕುಸಿದು ಕುಳಿತೆ.

ಮೋಟೆಬೆನ್ನೂರಿನ ಕಡೆಯಿಂದ ಬಿಳಿ ಕಾರು ಬಂತು. ಇಳಿದವನು ಶಶಿಕಾಂತ. ಕಾರ್ಖಾನೆಯ ಸಾವ್ಕಾರ. ಎಲ್ಲ ಕೇಳಿದ. ನಕ್ಕ.

“ಏನೂ ಆಗ್ಲಿಲ್ಲಲ್ರಿ ಮೇಡಂ! ಸುಮ್ನ ಯಾಕ ರಿಪೋರ್ಟು?”

“ಖರೇ ಐತಿ. ಏನೂ ಆಗಿಲ್ಲ. ಹಂಗಾರ ಮತ್ತ ಉಗಿ ಬಿಡಸೂಣ್ರಿ. ಪಾತ್ರಿ ಬಾಜೂಕ ಎರಡು ಕುರ್ಚಿ ಹಾಕಸ್ರಿ. ಚಾ ಕುಡಕೋತ ಮಾತಾಡೂಣು.”

ಶಶಿಕಾಂತ ಪಾತ್ರೆ ನೋಡಿದ. ನನ್ನನ್ನು ನೋಡಿದ. ನಗು ಆರಿತು. ಮೆಲ್ಲಗೆ ಹಿಂದೆ ಸರಿದು ಕಾರಿನ ಬಾಗಿಲು ತೆರೆದ.

ರಿಪೋರ್ಟ್ ಚಿಕ್ಕದಾಗಿ ಬರೆದೆ. ಕಾರ್ಖಾನೆ ಕೂಡಲೇ ಮುಚ್ಚಬೇಕು. ಮಾಲೀಕರಿಗೆ ಅಪಾಯದ ಅರಿವು ಪೂರ್ತಿ ಇದೆ!