ಅರ್ಧಕ್ಕೆ ನಿಂತ ಸರದಿ

ಬಹುಕಾಲದ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ದಿನಗಳಲ್ಲಿ, ನೀಲತಟಾಕವೆಂಬ ರಾಜ್ಯವೊಂದಿತ್ತು. ಮೇಲೆ ಕೆರೆ, ಕೆರೆಯ ಕೆಳಗೆ ಪಟ್ಟಣ, ಪಟ್ಟಣದ ನಡುವೆ ಅರಮನೆ. ಕೆರೆಯ ಏರಿಯಲ್ಲಿ, ಹೆಚ್ಚಿದ ನೀರನ್ನು ಪಟ್ಟಣದ ಹೊರಗಿನ ಕಾಲುವೆಗೆ ಬಿಡಲು, ಎರಡು ತೂಬುಗಳಿದ್ದವು. ಅವುಗಳ ಬಾಯಿಗೆ ಮುಚ್ಚಿದ ಕಲ್ಲುಗಳು ಪಟ್ಟವೇರಿದವನ ಕೈ ತಾಗಿದರೆ ಮಾತ್ರ ಮೇಲೇಳುತ್ತಿದ್ದವು. ಆನೆ ಕಟ್ಟಿ ಎಳೆದರೂ ಅಲುಗುತ್ತಿರಲಿಲ್ಲ. ರಾಜ್ಯ ಕಟ್ಟಿದ ಮೊದಲ ಅರಸನು ಹಾಗೆ ಮಂತ್ರ ಹಾಕಿಸಿದ್ದನು. ತನ್ನ ನಂತರ ಬರುವವರು ಮಳೆಗಾಲದಲ್ಲಾದರೂ ಕೆಸರು ತುಳಿಯಲಿ ಎಂಬುದು ಅವನ ಉದ್ದೇಶವಾಗಿತ್ತು.

ಆ ರಾಜ್ಯದ ಜನರಿಗೆ ಒಂದು ಮರ್ಯಾದೆಯಿತ್ತು. ಹಿಡಿದುದನ್ನು ಅರ್ಧಕ್ಕೆ ಬಿಟ್ಟು ಏಳುವುದು ಅಲ್ಲಿ ಅವಮಾನ. ನೇಯುವವನು ಎಳೆ ಮುಗಿಸದೆ ಮಗ್ಗ ಬಿಡುತ್ತಿರಲಿಲ್ಲ. ಹಾಡುವವಳು ನುಡಿ ಮುಗಿಸದೆ ಬಾಗಿಲು ತೆರೆಯುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದರೂ, ಎತ್ತಿದ ತುತ್ತನ್ನು ನುಂಗಿದ ಮೇಲೆಯೇ ಕೂಗುತ್ತಿದ್ದರು. ಇದನ್ನು ಅವರು ಸಂಸ್ಕಾರವೆಂದು ಕರೆದರು, ಮಕ್ಕಳಿಗೆ ಕಲಿಸಿದರು, ನೆರೆರಾಜ್ಯದವರಿಗೆ ಇದಿಲ್ಲವಲ್ಲ ಎಂದು ಮರುಗಿದರು.

ಈ ಮರ್ಯಾದೆಯ ಸುದ್ದಿ ಮಂಥರಸಿದ್ಧನೆಂಬ ಮಾಂತ್ರಿಕನ ಕಿವಿಗೆ ಬಿದ್ದಿತು. ಅವನು ಅನ್ಯರ ದಿನಗಳನ್ನು ತಿಂದು ಬದುಕುವವನು. ಹಲ್ಲು ಉದುರಿ, ತಲೆ ಹತ್ತಿಯಂತೆ ಬೆಳ್ಳಗಾಗಿದ್ದ ಆ ಮುದುಕನು ಒಂದು ಮಣೆಯನ್ನು ಗಾಡಿಯ ಮೇಲೆ ಹೇರಿಕೊಂಡು ಅರಮನೆಗೆ ಬಂದನು.

ಆಗ ಅಲ್ಲಿ ಆಳುತ್ತಿದ್ದವನು ಕೇತರಸ. ವಯಸ್ಸು ಚಿಕ್ಕದು, ಆಸೆ ದೊಡ್ಡದು. ಕೆರೆಯ ಹೂಳು ತೆಗೆಸಿರೆಂದು ಅವನು ಆಜ್ಞೆ ಮಾಡಿದರೆ ಮಂತ್ರಿಗಳು ಕೈಮುಗಿದು "ಆಗಲಿ ಒಡೆಯಾ" ಎನ್ನುತ್ತಿದ್ದರು. ಹೂಳು ಅಲ್ಲಿಯೇ ಇರುತ್ತಿತ್ತು. ಸೇತುವೆ ಕಟ್ಟಿಸಿರೆಂದರೂ "ಆಗಲಿ ಒಡೆಯಾ". ಸೇತುವೆಯ ಕಂಬಗಳ ಮೇಲೆ ಕಾಗೆಗಳು ಮನೆಮಾಡಿದ್ದವು.

ಮಂಥರಸಿದ್ಧನು ಮಣೆಯ ಮೇಲಿನ ಬಟ್ಟೆ ಸರಿಸಿದನು. ಅಲ್ಲೊಂದು ಲೋಕವಿತ್ತು. ಬೆರಳೆತ್ತರದ ಕಾಡು, ದಾರದಷ್ಟು ಅಗಲದ ಹೊಳೆ, ಮಣ್ಣಿನಿಂದ ಮಾಡಿದ ಪುಟ್ಟ ಊರು, ಊರಿನ ತುಂಬ ಮಣ್ಣಿನ ಜನ.

"ಆಜ್ಞೆ ಮಾಡಿ, ಅರಸರೇ. ಒಂದು ಬೊಂಬೆಯನ್ನು ಎತ್ತಿ ಬೇಕಾದಲ್ಲಿ ಇಡಿ. ಆಮೇಲೆ ಮಣೆಯ ಅಂಚನ್ನು ತಟ್ಟಿ. ತಮ್ಮ ಸರದಿ ಮುಗಿಯಿತು ಎಂದರ್ಥ."

ಕೇತರಸನು ಸೇತುವೆ ಬೇಕೆಂದು ಕಲ್ಲುಕುಟಿಗನ ಬೊಂಬೆಯನ್ನು ಹೊಳೆಯ ದಡದಲ್ಲಿಟ್ಟು ಅಂಚನ್ನು ತಟ್ಟಿದನು. ಬೊಂಬೆಗಳು ಎದ್ದು ನಡೆದವು. ಹೊಳೆಯ ಮೇಲೆ ಸೇತುವೆ ನಿಂತಿತು.

ಅರಸನ ಕಣ್ಣು ಒದ್ದೆಯಾಯಿತು. "ನಾನು ಯೋಚಿಸುತ್ತ ಕೂತರೆ?"

"ಈ ಲೋಕ ಕಾಯುತ್ತದೆ," ಎಂದನು ಮಾಂತ್ರಿಕ. "ತಮ್ಮ ಸರದಿ ಇರುವವರೆಗೆ ಇಲ್ಲಿ ಎಲೆಯೂ ಅಲುಗದು. ಎದುರಿಗೆ ಕೂತು ಆಡುವ ನಾನೂ ಅಲುಗೆನು, ನನ್ನ ಮಂತ್ರವೂ ಅಲುಗದು. ಈ ಮಣೆಯ ಮೇಲೆ ಕೈಯಿಟ್ಟು ಆಣೆ ಮಾಡುತ್ತೇನೆ."

"ನನಗಾಗಿ ಕಾಯುವವನು ಒಬ್ಬನಾದರೂ ಸಿಕ್ಕಿದ," ಎಂದು ಅರಸನು ನಕ್ಕು, ಕೂತನು.

ಅವನು ಏಳಲಿಲ್ಲ. ಸರದಿ ಮುಗಿಸಿ ಏಳಬೇಕು, ಅದೇ ಮರ್ಯಾದೆ. ಆದರೆ ಮಣೆಯ ಮೇಲೆ ಒಂದು ಕಣಜ ಕಟ್ಟಿ ಮುಗಿಯುವ ಹೊತ್ತಿಗೆ ದೋಣಿಯೊಂದು ಇನ್ನೂ ನಡುನೀರಿನಲ್ಲಿರುತ್ತಿತ್ತು. ದೋಣಿ ದಡ ಸೇರುವ ಹೊತ್ತಿಗೆ ಕೋಟೆಯ ಗೋಡೆ ಎದೆಮಟ್ಟಕ್ಕೆ ಬಂದಿರುತ್ತಿತ್ತು. ಎಲ್ಲ ಕೆಲಸಗಳೂ ಒಂದೇ ಸರದಿಯಲ್ಲಿ ಮುಗಿಯದಂತೆ ಮಾಂತ್ರಿಕನು ನೋಡಿಕೊಂಡಿದ್ದನು. ಅಂಚನ್ನು ತಟ್ಟಿದಾಗಲೆಲ್ಲ ಅರಸನ ಆಯುಸ್ಸು ಒಂದಿಷ್ಟು ಸವೆದು ಮಾಂತ್ರಿಕನ ಹೊಟ್ಟೆ ಸೇರುತ್ತಿತ್ತು. ಅರಸನ ಕಿವಿಯ ಮೇಲೆ ನರೆ ಮೂಡಿತು. ಮಾಂತ್ರಿಕನ ಬಾಯಲ್ಲಿ ಹೊಸ ಹಲ್ಲು ಮೂಡಿತು. ಮಂತ್ರಿಗಳು ಬಂದು ನೋಡಿದರು, ನಿಂತರು, ಆಮೇಲೆ ಕೂತರು. ದಂಡನಾಯಕನು ಮಣ್ಣಿನ ಆನೆಗಳ ಸಾಲನ್ನು ನೋಡಿ ತಲೆದೂಗುತ್ತಿದ್ದನು; ಲಾಯದಲ್ಲಿ ನಿಜವಾದ ಆನೆಗಳು ಮೇವಿಲ್ಲದೆ ಕಂಬ ಕಿತ್ತು ಕಾಡಿಗೆ ಹೋದವು.

ಮಳೆ ಹಿಡಿಯಿತು. ಕೆರೆ ತುಂಬಿತು.

ಅರಸನ ತಂಗಿ ಲಚ್ಚಲೆ ದೂರದ ಘಟಿಕಾಸ್ಥಾನದಲ್ಲಿ ಜಲವಿದ್ಯೆ ಕಲಿತು ಆಗಷ್ಟೇ ಊರಿಗೆ ಮರಳಿದ್ದಳು. ಕೆರೆಗೆ ಏನು ಮಾಡಬೇಕೆಂದು ಅವಳಿಗೆ ತಿಳಿದಿತ್ತು. ಅದನ್ನು ಹೇಳಲು ಅವಳು ಮಂತ್ರಿಯ ಬಾಗಿಲಲ್ಲಿ ನಿಂತಳು. "ನಾಳೆ ಬಾಮ್ಮ," ಎಂದರು. ಮರುದಿನ ಹೋದಳು. "ನಾಳೆ ಬಾಮ್ಮ." ತಾನು ಕಲಿತ ವಿದ್ಯೆಗೆ ಈ ಊರಿನಲ್ಲಿ ನಿಲ್ಲಲು ಒಂದು ಹೊಸ್ತಿಲು ಮಾತ್ರ ಇದೆಯೆಂದು ಅವಳಿಗೆ ಅರ್ಥವಾಯಿತು. ಅವಳು ಕೂಗಾಡಲಿಲ್ಲ. ಏರಿಗೆ ಹೋದಳು.

ನೀರುಗಂಟಿ ಬೊಮ್ಮಯ್ಯ ಕಂಬಳಿ ಹೊದ್ದು ತೂಬಿನ ಬಳಿ ನಿಂತಿದ್ದನು. ಏರಿಯ ಮೈ ಜಿನುಗುತ್ತಿತ್ತು.

"ತೂಬು ಎತ್ತದಿದ್ದರೆ ಏರಿ ಒಡೆಯುತ್ತದೆ, ತಾಯಿ. ಒಡೆದರೆ ಕೆಳಗೆ ಪಟ್ಟಣವೆಂಬುದು ಇರುವುದಿಲ್ಲ."

"ಅಣ್ಣನನ್ನು ಕರೆತರುತ್ತೇನೆ."

"ಅವರು ಬರದಿದ್ದರೂ ಚಿಂತೆಯಿಲ್ಲ," ಎಂದನು ಬೊಮ್ಮಯ್ಯ. "ಕಲ್ಲಿಗೆ ಬೇಕಾಗಿರುವುದು ಕೈ ಮಾತ್ರ. ಕೈ ಒಂದನ್ನೇ ತಂದರೂ ಆದೀತು."

ಲಚ್ಚಲೆ ನಗಲಿಲ್ಲ. ಹರಿತವಾದುದು ಏನಿದೆಯೆಂದು ಒಂದು ಕ್ಷಣ ಯೋಚಿಸಿದಳು.

ಮೊದಲನೆಯ ಸಲ ಅವಳು ಮಾತು ಹಿಡಿದು ಹೋದಳು. ಏರಿಯ ಕೆಸರನ್ನು ಬೊಗಸೆಯಲ್ಲಿ ತಂದು ಅಣ್ಣನ ಮುಂದೆ ಹಿಡಿದಳು.

"ಅಣ್ಣಾ, ಏರಿ ಜಿನುಗುತ್ತಿದೆ. ಏಳು."

"ಲಚ್ಚೀ! ಯಾವಾಗ ಬಂದೆ? ಎಷ್ಟು ಸೊರಗಿದ್ದೀಯ," ಎಂದನು ಕೇತರಸ, ಅವಳತ್ತ ನೋಡದೆ. "ಬಂದೆ. ಈ ಸರದಿ ಮುಗಿಯಲಿ."

ಅವಳು ಕಾದಳು. ಅವನು ಅಂಚನ್ನು ತಟ್ಟಿದನು. ಮಣೆಯ ಮೇಲೆ ಪೂರ್ವದ ಕಡೆಯಿಂದ ಒಬ್ಬ ದೂತ ಹೊರಟನು.

"ಅವನು ಏನು ಹೇಳುತ್ತಾನೋ ಕೇಳಿಬಿಡುತ್ತೇನೆ, ತಾಳು. ಇನ್ನೊಂದೇ ಸರದಿ."

ಬೊಗಸೆಯ ಕೆಸರು ಅವಳ ಕೈಯಲ್ಲಿ ಒಣಗಿತು.

ಎರಡನೆಯ ಸಲ ಅವಳು ಕತ್ತಿ ಹಿಡಿದು ಹೋದಳು. ಅಣ್ಣನು ಅಂಚನ್ನು ತಟ್ಟಿ ಸರದಿ ಮುಗಿಸಿದ ಕೂಡಲೇ ಮಣೆಯನ್ನು ಸೀಳಲು ಕತ್ತಿ ಎತ್ತಿದಳು. ಮಂಥರಸಿದ್ಧನು ಕಿರುಬೆರಳು ಅಲುಗಿಸಿದನು. ಮಣೆಯ ಕಾಡಿನಿಂದ ಇರುವೆಯಷ್ಟು ಪುಟ್ಟ ಹುಲಿಯೊಂದು ಹೊರಬಂದು ಅಂಚಿನಿಂದ ಧುಮುಕಿತು. ನೆಲ ಮುಟ್ಟುವಾಗ ಅದು ಬೆಕ್ಕಿನಷ್ಟಿತ್ತು. ಒಂದು ಹೆಜ್ಜೆಗೆ ಕರುವಿನಷ್ಟಾಯಿತು. ಇನ್ನೊಂದು ಹೆಜ್ಜೆಗೆ ಎತ್ತಿನಷ್ಟಾಯಿತು. ಕತ್ತಿಯನ್ನು ಕಬ್ಬಿನಂತೆ ಕಚ್ಚಿ ಮುರಿದು, ಬಾಗಿಲಿಗೆ ಅಡ್ಡ ಮಲಗಿತು. ಲಚ್ಚಲೆ ಒಳಗೆ ಸಿಕ್ಕಿಬಿದ್ದಳು.

"ಅದು ಏನೂ ಮಾಡುವುದಿಲ್ಲ, ಕೂತುಕೊ," ಎಂದನು ಕೇತರಸ. "ಹುಲಿ ಇರುವ ಕಾಡು ನನ್ನ ಪಾಲಿಗೆ ಬಂದರೆ ಚಂದನದ ಮರವೆಲ್ಲ ನಮ್ಮದೇ."

ಮೂರನೆಯ ಸಲ ಅವಳು ತಾನೇ ಆಟಕ್ಕೆ ಇಳಿದಳು. ಮಣೆಯ ಆಚೆ ತುದಿಯಲ್ಲಿದ್ದ ಮಾಂತ್ರಿಕನ ಕೋಟೆ ಹಿಡಿದರೆ ಗೆಲುವು, ಗೆದ್ದರೆ ಆಟ ಮುಗಿಯುತ್ತದೆ. ಮುಗಿದರೆ ಅಣ್ಣನು ಏಳುತ್ತಾನೆ. ಲೆಕ್ಕ ಸರಿಯಾಗಿತ್ತು.

"ಸರಿ, ನನಗೂ ಬೆನ್ನು ನೋಯುತ್ತಿದೆ," ಎಂದು ಕೇತರಸನು ಜಾಗ ಬಿಟ್ಟು ಅವಳ ಹಿಂದೆಯೇ ಕೂತನು. "ನೋಡಿಕೊಂಡು ಆಡು. ಪೂರ್ವದ ಊರಿಗೆ ಕಣಜ ಆಗಬೇಕು. ನನ್ನ ಮಾತು ಕೇಳು."

ಅವಳು ಕಣಜ ಕಟ್ಟಿಸಿದಳು. ಅಂಚನ್ನು ತಟ್ಟಿದಳು. ಕೆರೆಗೆ ಏರಿ ಕಟ್ಟಿಸಿದಳು, ಕಲಿತ ಹಾಗೆಯೇ, ಕಲ್ಲಿನ ಓರೆ ಎಷ್ಟಿರಬೇಕೋ ಅಷ್ಟೇ ಇಟ್ಟು. ಮಣ್ಣಿನ ಜನ ಒಂದು ಮಾತೂ ಎದುರಾಡದೆ ಕಟ್ಟಿದರು. ಏರಿ ನಿಂತಿತು. ಯಾರೂ ನಾಳೆ ಬಾ ಎನ್ನಲಿಲ್ಲ. ಹೊಲ ಹಸಿರಾಯಿತು. ಒಂದು ಪಾಠಶಾಲೆ ಕಟ್ಟಿಸಿದಳು. ಪಾಠಶಾಲೆಯಿಂದ ಹೊರಬಂದವರಿಗೆಲ್ಲ ಕೆಲಸ ಕೊಟ್ಟಳು. ಮಾಂತ್ರಿಕನ ಕೋಟೆಯನ್ನು ಇನ್ನೇನು ಹಿಡಿಯಬೇಕು, ಅಷ್ಟರಲ್ಲಿ ಕೋಟೆಯ ಆಚೆ ಕಡಲು ಕಂಡಿತು, ಕಡಲಿನಾಚೆ ಮಂಜಿನಲ್ಲಿ ಒಂದು ದ್ವೀಪ. ಅಲ್ಲಿ ಏನಿದೆ?

"ದೋಣಿ ಕಳಿಸು," ಎಂದನು ಅಣ್ಣ.

"ಮೊದಲು ಮರ ಬೇಕು."

"ಮರ ದಕ್ಷಿಣದಲ್ಲಿದೆಯಲ್ಲ! ಘಟಿಕಾಸ್ಥಾನದಲ್ಲಿ ಇದನ್ನು ಕಲಿಸಲಿಲ್ಲವೇನು?"

"ನೀನು ಸುಮ್ಮನಿರು ಅಣ್ಣಾ, ನನಗೆ ಗೊತ್ತು. ಇನ್ನೆರಡು ಸರದಿ."

ಕಾಲಿಗೆ ತಣ್ಣಗಾಯಿತು. ಅವಳು ಕಾಲುಗಳನ್ನು ಪೀಠದ ಮೇಲೆ ಎಳೆದುಕೊಂಡಳು. ದೋಣಿ ಸಿದ್ಧವಾಯಿತು. ಅದನ್ನು ಎತ್ತಿದಳು. ಕೆಳಗೆ ಏನೋ ಬಂದು ಮಣೆಯ ಕಾಲಿಗೆ ಬಡಿಯುತ್ತಿತ್ತು, ಟಕ್ ಟಕ್ ಎಂದು. ಅದನ್ನು ಪಾದದಿಂದ ಆಚೆ ತಳ್ಳಿದಳು. ಅದು ಮತ್ತೆ ಬಂದಿತು. ಮತ್ತೆ ತಳ್ಳಲು ಹೋಗಿ ಕೆಳಗೆ ನೋಡಿದಳು.

ದಂಡನಾಯಕನ ಪಾದರಕ್ಷೆ ತೇಲುತ್ತಿತ್ತು.

ಕೆರೆ ಏರಿಯನ್ನು ಮೀರಿ ಹರಿದು, ಸಭಾಮಂಟಪದಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಮಂತ್ರಿಗಳು ಕಂಬಗಳ ಪೀಠಗಳನ್ನು ಹತ್ತಿ ಕೂತು, ಅಲ್ಲಿಂದಲೇ ಮಣೆಯನ್ನು ನೋಡುತ್ತಿದ್ದರು. ತಾನು ಯಾವಾಗ ಕಾಲು ಎಳೆದುಕೊಂಡೆನೆಂದು ಲಚ್ಚಲೆಯ ನೆನಪಿಗೆ ಬರಲಿಲ್ಲ. ಅವಳು ಹೆದರಿದ್ದು ನೀರಿಗಲ್ಲ, ಆ ಮರೆವಿಗೆ. ಎದುರಿಗೆ ನೋಡಿದಳು. ಮಂಥರಸಿದ್ಧನ ತಲೆ ಕಾಡಿಗೆಯಂತೆ ಕಪ್ಪಗಿತ್ತು. ನೀರು ಅವನ ಸೊಂಟ ಮುಟ್ಟಿತ್ತು. ಆದರೂ ಅವನು ಅಲುಗಲಿಲ್ಲ.

"ಮುಗಿಸಮ್ಮ," ಎಂದನು ಅವನು, ತುಂಬ ವಿನಯದಿಂದ. "ದೋಣಿ ಇಡು, ಅಂಚನ್ನು ತಟ್ಟು. ಆಮೇಲೆ ಎದ್ದು ಹೋಗು. ಯಾರು ಬೇಡವೆಂದರು?"

ಬಾಗಿಲಲ್ಲಿ ಹುಲಿ ನೀರಿನಲ್ಲಿ ನಿಂತಿತ್ತು. ಅದರ ಬಾಲ ಗಾಳಿಯಲ್ಲಿ ಎತ್ತಿದುದು ಎತ್ತಿದಂತೆಯೇ ಇತ್ತು. ರೆಪ್ಪೆ ಬಡಿಯುತ್ತಿರಲಿಲ್ಲ. ಸರದಿ ಇನ್ನೂ ತನ್ನದು ಎಂದು ಲಚ್ಚಲೆಗೆ ಹೊಳೆಯಿತು. ತಾನು ದೋಣಿಯನ್ನು ಕೆಳಗಿಡುವವರೆಗೆ ಅವನ ಹುಲಿಗೆ ಜೀವವಿಲ್ಲ, ಅವನಿಗೆ ಕಾಲಿಲ್ಲ. ಇಷ್ಟು ಕಾಲ ಈ ಪೀಠದಿಂದ ಏಳಬಯಸಿದವರೆಲ್ಲ ಸರದಿ ಮುಗಿಸಿ ಏಳಲು ನೋಡಿದ್ದರು. ಮುಗಿಸಿದ ಸರದಿಯೇ ಅವನ ಅನ್ನವಾಗಿತ್ತು.

ಅವಳು ದೋಣಿಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು.

ಕಂಬಗಳ ಮೇಲಿಂದ ಮಂತ್ರಿಗಳು ಹಾ ಎಂದು ಉಸಿರೆಳೆದರು. ಪಟ್ಟಣ ಮುಳುಗುವಾಗ ಅವರಿಗೆ ಅಷ್ಟು ಗಾಬರಿಯಾಗಿರಲಿಲ್ಲ.

"ಸರದಿ ಅರ್ಧದಲ್ಲಿದೆ!" ಎಂದು ಮಾಂತ್ರಿಕನು ಕಿರುಚಿದನು. "ಅರಸುಮಗಳು ನೀನು! ಅರ್ಧಕ್ಕೆ ಬಿಟ್ಟು ಏಳುತ್ತೀಯಾ?"

"ಹೌದು," ಎಂದಳು ಲಚ್ಚಲೆ.

"ಲಚ್ಚೀ, ಏನಿದು ಅಸಹ್ಯ?" ಕೇತರಸನ ಮುಖ ಕೆಂಪಾಯಿತು. "ಕೊಡು ಇಲ್ಲಿ, ನಾನಿಡುತ್ತೇನೆ. ಒಂದೇ ಒಂದು ದೋಣಿ."

"ಬೇಕಾದರೆ ಬಂದು ತೆಗೆದುಕೊ," ಎಂದು ಅವಳು ನಡೆದಳು.

ಅವಳು ಹುಲಿಯ ಮೀಸೆ ಸವರಿಕೊಂಡು ಬಾಗಿಲು ದಾಟಿದಳು. ಅರಸನು ಅವಳ ಮುಷ್ಟಿಯನ್ನೇ ನೋಡುತ್ತ ಹಿಂದೆ ಹೊರಟನು. ನೀರು ನುಗ್ಗಿದ ಬೀದಿಯಲ್ಲಿ, ಮನೆಗಳ ಮಾಡಿನ ಮೇಲೆ ಕೂತ ಜನರ ಕಣ್ಣೆದುರಿಗೆ, ನೀಲತಟಾಕದ ಅರಸನು ತಂಗಿಯ ಹಿಂದೆ ಕೈಚಾಚಿಕೊಂಡು ಓಡಿದನು. "ಕೊಡೇ. ಲಚ್ಚೀ, ಕೊಡೇ. ದ್ವೀಪದಲ್ಲಿ ಏನಿದೆಯೆಂದು ನಿನಗೆ ನೋಡಬೇಕೆನಿಸುವುದಿಲ್ಲವೇ?" ಅವಳಿಗೆ ಅನಿಸುತ್ತಿತ್ತು. ಪ್ರತಿ ಹೆಜ್ಜೆಗೂ ಅನಿಸುತ್ತಿತ್ತು. ಅವಳು ನಡಿಗೆ ಚುರುಕು ಮಾಡಿದಳು.

ಏರಿಯ ಮೇಲೆ ಮೊದಲನೆಯ ತೂಬಿನ ಬಳಿ ಅವಳು ನಿಂತು ಮುಷ್ಟಿ ಎತ್ತಿದಳು. "ಕಲ್ಲು ಮುಟ್ಟು. ಆಮೇಲೆ ದೋಣಿ."

ಕೇತರಸನು ಎಡಗೈಯನ್ನು ಕಲ್ಲಿನ ಮೇಲಿಟ್ಟನು, ಕಣ್ಣು ಮಾತ್ರ ಅವಳ ಮುಷ್ಟಿಯ ಮೇಲೆ. ಕಲ್ಲು ಎದ್ದಿತು. ಕೆಳಗೆ ನೀರು ಮೊರೆಯಿತು. ಅವಳು ಮಾತು ತಪ್ಪಲಿಲ್ಲ, ದೋಣಿಯನ್ನು ಕೊಟ್ಟಳು. ಅವನು ಅದನ್ನು ಎದೆಗೊತ್ತಿಕೊಂಡು ಅರಮನೆಯ ಕಡೆ ತಿರುಗಿದನು.

"ಒಡೆಯಾ," ಎಂದನು ಬೊಮ್ಮಯ್ಯ, "ಎರಡನೆಯ ತೂಬು?"

"ಬಂದೆ. ಇದೊಂದನ್ನು ಇಟ್ಟು ಬರುತ್ತೇನೆ."

"ಏರಿ ಕಾಯುವುದಿಲ್ಲ, ಒಡೆಯಾ."

ಅವರ ಕಾಲ ಕೆಳಗೆ ಮಣ್ಣು ಕುಸಿಯಿತು. ಏರಿಯ ಒಂದು ತುಂಡು ಕಳಚಿ ನೀರಿಗೆ ಬಿದ್ದಿತು. ಕೇತರಸನು ಓಡಿ ಎರಡನೆಯ ಕಲ್ಲಿಗೆ ಕೈ ಚಾಚಿದನು. ಅದು ದೊಡ್ಡ ಕಲ್ಲು. ಒಂದು ಕೈಗೆ ನಡುಗಿತೇ ಹೊರತು ಏಳಲಿಲ್ಲ.

"ಎರಡೂ ಕೈ ಬೇಕು," ಎಂದನು ಬೊಮ್ಮಯ್ಯ.

"ಲಚ್ಚೀ, ಇದನ್ನು ಹಿಡಿದುಕೊ."

ಲಚ್ಚಲೆ ಕೈಕಟ್ಟಿ ನಿಂತಳು. "ಹಿಡಿಯುವುದಿಲ್ಲ."

"ಬೊಮ್ಮಯ್ಯ!"

"ನನ್ನ ಕೈ ಕೆಸರಾಗಿದೆ, ಒಡೆಯಾ," ಎಂದು ಬೊಮ್ಮಯ್ಯ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡನು.

ಅರಸನು ದೋಣಿಯನ್ನು ನೋಡಿದನು. ಅದರ ಪಟದ ಮೇಲೆ ಬಣ್ಣದ ಗೆರೆ ಇತ್ತು. ಒಳಗೆ ಅಕ್ಕಿಕಾಳಿನಷ್ಟು ಚಿಕ್ಕ ಅಂಬಿಗನು ದ್ವೀಪದ ಕಡೆ ಮುಖಮಾಡಿ ಕೂತಿದ್ದನು. ಅರಸನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದನು. ದೋಣಿ ಕೆರೆಗೆ ಬಿದ್ದು, ಒಂದು ಕ್ಷಣ ನಿಜವಾದ ದೋಣಿಯಂತೆ ತೇಲಿ, ಕರಗಿತು. ಅವನು ಎರಡೂ ಕೈಗಳನ್ನು ಕಲ್ಲಿನ ಮೇಲಿಟ್ಟು, ಅಳುತ್ತ, ಎತ್ತಿದನು.

ಕೆರೆ ಇಳಿಯಿತು. ಅರಮನೆಯ ತೋಟ ಹೋಯಿತು, ಪಟ್ಟಣ ಉಳಿಯಿತು. ಬಾಗಿಲಿನ ಹುಲಿ ನೀರಿನಲ್ಲಿ ಕರಗಿ ಕೆಸರಾಯಿತು. ಮಾಂತ್ರಿಕನು ಮಾತ್ರ ಕೂತೇ ಇದ್ದನು, ಏಕೆಂದರೆ ದೋಣಿಯಿಲ್ಲದೆ ಆ ಸರದಿ ಎಂದಿಗೂ ಮುಗಿಯಲಾರದು, ಅವನ ಆಣೆಯಿಂದ ಅವನನ್ನು ಬಿಡಿಸುವವರಿರಲಿಲ್ಲ. ಸಭಾಮಂಟಪದ ಬಾಗಿಲಿಗೆ ಕಲ್ಲಿಟ್ಟು ಗೋಡೆ ಕಟ್ಟಿದರು. ಅವನು ತಿಂದ ದಿನಗಳು ಹಿಂದಿರುಗಲಿಲ್ಲ. ಕೇತರಸನ ನರೆ ನರೆಯಾಗಿಯೇ ಉಳಿಯಿತು.

ಲಚ್ಚಲೆ ಏರಿಯನ್ನು ಹೊಸದಾಗಿ ಕಟ್ಟಿಸಿದಳು. ಮಂತ್ರಿಗಳು "ಆಗಲಿ ತಾಯಿ" ಎಂದಾಗ ಅವಳು ಅಲ್ಲಿಯೇ ನಿಂತು, "ನಡೆಯಿರಿ, ನಾನೂ ಬರುತ್ತೇನೆ" ಎನ್ನುತ್ತಿದ್ದಳು. ನಿಜವಾದ ಕಲ್ಲು ಭಾರವಾಗಿತ್ತು, ನಿಜವಾದ ಜನ ಎದುರಾಡಿದರು, ಒಂದು ಮಳೆಗಾಲದ ಕೆಲಸಕ್ಕೆ ಮೂರು ಮಳೆಗಾಲ ಹಿಡಿಯಿತು. ಆದರೂ ಏರಿ ನಿಂತಿತು. ಆ ರಾಜ್ಯದವರು ತುತ್ತನ್ನು ಅರ್ಧಕ್ಕೆ ಬಿಟ್ಟು ಏಳುವುದನ್ನು ಕಲಿತರು, ನೆರೆಯವರಿಂದ ಒರಟರೆಂದು ಕರೆಸಿಕೊಂಡರು, ಮತ್ತು ಸುಖವಾಗಿ ಬಾಳಿದರು.

ಇಂದಿಗೂ ಆ ಗೋಡೆಯ ಬಳಿ ಹಾದುಹೋಗುವವರಿಗೆ ಒಳಗಿನಿಂದ ಮೃದುವಾದ, ವಿನಯದ ದನಿಯೊಂದು ಕೇಳಿಸುತ್ತದೆಯಂತೆ: "ಬನ್ನಿ. ಸರದಿ ತಮ್ಮದು." ಕೇಳಿದವರ ಹೆಜ್ಜೆ ನಿಧಾನವಾಗುತ್ತದೆ. ಕೈಬೆರಳುಗಳು ತಾವಾಗಿಯೇ ಮಡಿಚಿಕೊಳ್ಳುತ್ತವೆ. ಅವರು ನಿಲ್ಲುವುದಿಲ್ಲ.